ಮೂರನೇ ಫೇಸು

ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ, ನಾಶ ಮಾಡಲೂ ಬರುವುದಿಲ್ಲ ಎಂಬ ಪಾಠವನ್ನು ವರ್ಷಕ್ಕೊಮ್ಮೆ ಹೇಳುತ್ತೇನೆ, ಹುಡುಗರು ವರ್ಷಕ್ಕೊಮ್ಮೆ ಆಕಳಿಸುತ್ತಾರೆ. ಅದೇ ಮಾತನ್ನು ಒಬ್ಬ ಮನುಷ್ಯನಿಗೆ ಒಪ್ಪಿಸಲು ಒಂದು ಇಡೀ ಬೇಸಿಗೆ ಹೆಣಗಿದ್ದೇನೆ. ಕೊನೆಗೆ ಒಪ್ಪಿಸಿದೆ ಕೂಡ. ಒಪ್ಪಿಸಿ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಮನುಷ್ಯ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಅವ್ವ ತೀರಿಕೊಂಡಾಗ ನಾನು ಇನ್ನೂ ಲಂಗ ಉಡುವ ಹುಡುಗಿ. ಕಮಲಾಪುರದ ಅಕ್ಕನ ಮನೆಗೆ ಬಂದು ಬಿದ್ದೆ. ಅವರಿಗೆ ಮಕ್ಕಳಾಗಲಿಲ್ಲ, ನಾನೇ ಮಗಳಾದೆ. ಮಾಮಾ ಹೈವೇಯಿಂದ ಒಳಗಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮುಂದಿನ ಖೋಲಿ ಗಿರಣಿ, ಅದರ ಹಿಂದೆ ಮನೆ, ನಡುವೆ ಒಂದು ಬಾಗಿಲು. ನಾನು ಓದಿದ್ದು, ಎಂ.ಎಸ್ಸಿ. ಮಾಡಿದ್ದು, ನೌಕರಿ ಹಿಡಿದದ್ದು ಎಲ್ಲವೂ ಆ ಗಿರಣಿಯ ಹಿಟ್ಟಿನ ಮೇಲೆ. ಹೆಣ್ಣುಮಗಳಿಗೆ ಇಷ್ಟು ಓದು ಯಾಕೆಂದು ಕೇಳಿದವರಿಗೆ ಮಾಮಾ, "ನಮ್ಮ ಗಿರಣಿ ಕೆಟ್ರ ಯಾರು ನೋಡ್ಬೇಕು?" ಎನ್ನುತ್ತಿದ್ದರು. ನನ್ನ ಓದಿಗೂ ಗಿರಣಿ ರಿಪೇರಿಗೂ ಯಾವ ಸಂಬಂಧವೂ ಇಲ್ಲವೆಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಗಿರಣಿಯ ಮೋಟಾರು ಓಡಬೇಕಾದರೆ ಮೂರು ಫೇಸ್ ಬೇಕು, ಅಂದರೆ ಕಂಬದಿಂದ ಮೂರು ತಂತಿಯಲ್ಲಿಯೂ ಕರೆಂಟು ಬರಬೇಕು. ನಮ್ಮ ಊರುಗಳಲ್ಲಿ ಮೂರರಲ್ಲಿ ಒಂದು ತಂತಿ ಸಾಯುವುದು ಹೊಸ ಮಾತಲ್ಲ. ಗಾಳಿ ಬಿಟ್ಟರೆ ಸಾಯುತ್ತದೆ, ಮಳೆ ಹನಿಸಿದರೆ ಸಾಯುತ್ತದೆ, ಏನೂ ಆಗದಿದ್ದರೂ ಸಾಯುತ್ತದೆ. ಆಗ ಗಿರಣಿಯವರು, ಬೋರ್‌ವೆಲ್ ಇದ್ದವರು ಎಲ್ಲರೂ ಮಾಡುವುದು ಒಂದೇ. ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆಯಲ್ಲಿ ಕಂಡೆನ್ಸರುಗಳನ್ನು ಇಟ್ಟಿರುತ್ತಾರೆ. ಒಂದು ಹಿಡಿಕೆ ಈಚೆಯಿಂದ ಆಚೆಗೆ ಎಳೆದರೆ ಉಳಿದ ಎರಡು ತಂತಿಯಿಂದಲೇ ಮೋಟಾರು ಗುಂಯ್ ಎಂದು ನರಳಿ ತಿರುಗಲು ಶುರುಮಾಡುತ್ತದೆ. ಮಾಮಾ ಇದಕ್ಕೆ "ಮೂರನೇ ಫೇಸ್ ಹುಟ್ಟಸೂದು" ಎನ್ನುತ್ತಿದ್ದರು. ಡಬ್ಬಿ ಹಿಡಿದು ಪಾಳಿ ನಿಂತ ಹೆಂಗಸರ ಮುಂದೆ ಆ ಹಿಡಿಕೆ ಎಳೆಯುವಾಗ ಅವರ ಮುಖ ನೋಡಬೇಕಿತ್ತು. ಇಡೀ ಊರಿಗೆ ಇಲ್ಲದ ಕರೆಂಟು ನನ್ನ ಪೆಟ್ಟಿಗೆಯಲ್ಲಿದೆ ಎಂಬ ಗತ್ತು.

ಅದು ಹುಟ್ಟಿದ್ದಲ್ಲ, ಉಳಿದ ಎರಡರಿಂದ ಕಿತ್ತುಕೊಂಡದ್ದು. ಅದಕ್ಕೇ ಮೋಟಾರು ಬಿಸಿಯಾಗುತ್ತಿತ್ತು, ನರಳುತ್ತಿತ್ತು, ಕೊನೆಗೊಂದು ದಿನ ವೈಂಡಿಂಗ್ ಸುಟ್ಟ ವಾಸನೆ ಓಣಿ ತುಂಬಾ ಹರಡುತ್ತಿತ್ತು. ಮಾಮಾ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ, ಮೋಮಿನಪುರದ ವೈಂಡಿಂಗ್ ಅಂಗಡಿಗೆ ಒಯ್ಯುತ್ತಿದ್ದರು. ಅಂಗಡಿಯ ಮುದುಕ ಪ್ರತಿ ಸಲವೂ, "ಫಿರ್ ಕಂಡೆನ್ಸರ್ ಪೆ ಚಲಾಯಾ ಕ್ಯಾ ಸಾವ್ಕಾರ್" ಎಂದು, ಮತ್ತೆ ಕಂಡೆನ್ಸರಿನ ಮೇಲೆ ಓಡಿಸಿದ್ದಕ್ಕೆ ಬೈದು ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ಮಾಮಾ ನಗುತ್ತಿದ್ದರು. ಸುಟ್ಟಿದ್ದು ಮೋಟಾರಿನ ತಪ್ಪು, ಹುಟ್ಟಿಸಿದ್ದು ತಮ್ಮ ಜಾಣತನ ಎಂದೇ ಅವರು ತಿಳಿದಿದ್ದರು.

ಅಕ್ಕನಿಗೆ ಉಸಿರಿನ ಕಾಯಿಲೆ ಶುರುವಾಗಿದ್ದು ಕೆಮ್ಮಿನಿಂದ. ಗಿರಣಿಯಲ್ಲಿ ಕೂತವರು ಕೆಮ್ಮದೆ ಇನ್ನೇನು ಮಾಡುತ್ತಾರೆ ಎಂದು ಯಾರೂ ಲಕ್ಷ್ಯ ಕೊಡಲಿಲ್ಲ. ಮಾಮಾ ಮೋಟಾರು ನೋಡಿಕೊಂಡರೆ ಜೋಳ ಸುರಿಯುವವಳು, ಹಿಟ್ಟು ಹಿಡಿಯುವವಳು ಅಕ್ಕ. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬೆಳ್ಳಗಾಗಿ ಮಧ್ಯಾಹ್ನದ ಹೊತ್ತಿಗೆ ಅವಳು ಮುದುಕಿಯಂತೆ ಕಾಣುತ್ತಿದ್ದಳು. ಆಮೇಲೆ ನಿಜವಾಗಿಯೂ ಮುದುಕಿಯಾದಳು. ನೀರಿನ ಕೊಡ ಎತ್ತುವುದು ಬಿಟ್ಟಿತು, ರೊಟ್ಟಿ ಬಡಿಯುವುದು ಬಿಟ್ಟಿತು, ಮಾತಿನ ನಡುವೆ ನಿಲ್ಲುವುದು ಶುರುವಾಯಿತು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು, ಪುಪ್ಪುಸ ಗಟ್ಟಿಯಾಗಿದೆ, ಇನ್ನು ಅದು ಮೊದಲಿನ ಹಾಗಾಗುವುದಿಲ್ಲ, ಮನೆಯಲ್ಲಿ ಆಕ್ಸಿಜನ್ ಮಷೀನು ಇಟ್ಟುಕೊಳ್ಳಿ, ಹಗಲುರಾತ್ರಿ ಹಚ್ಚಿರಬೇಕು ಎಂದರು.

ಆ ಮಷೀನು ಬಾಡಿಗೆಗೆ ತಂದೆವು. ಚಿಕ್ಕ ಕಪಾಟಿನಷ್ಟು ಎತ್ತರ, ಕೆಳಗೆ ಗಾಲಿ. ಖೋಲಿಯ ಗಾಳಿಯನ್ನೇ ಎಳೆದುಕೊಂಡು ಸೋಸಿ ಆಕ್ಸಿಜನ್ ಕೊಡುತ್ತದೆ, ನಳಿಗೆಯನ್ನು ಮೂಗಿಗೆ ಹಚ್ಚಿಕೊಂಡು ಕೂರಬೇಕು. ಕರೆಂಟು ಹೋದರೆ ಕೀಂವ್ ಎಂದು ಕೂಗಿ, ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ. ಇನ್ವರ್ಟರ್ ಹಾಕಿಸಿದೆವು. ಮಷೀನು ಅದನ್ನು ಕಬ್ಬು ಜಗಿದಂತೆ ಜಗಿದು ಉಗುಳಿತು. ಒಂದು ಹೊತ್ತು ಕರೆಂಟು ಹೋದರೂ ಸಾಲದು. ಒಂದು ಸಿಲಿಂಡರು ಮೂಲೆಯಲ್ಲಿ ನಿಲ್ಲಿಸಿದೆವು, ಅದೂ ಅಷ್ಟೇ. ಕಮಲಾಪುರದಲ್ಲಿ ಗಾಳಿ ಎದ್ದ ದಿನ ಕರೆಂಟು ಯಾವಾಗ ಬಂದೀತು ಎಂದು ಹೇಳುವ ಗಂಡಸು ಹುಟ್ಟಿಲ್ಲ.

ನಾನು ಹೇಳಿದ್ದು ಒಂದೇ ಮಾತು. "ಮಾಮಾ, ಅಕ್ಕನ ಕರ್ಕೊಂಡು ಕಲಬುರಗಿಗಿ, ಕೋಟನೂರಿನ ನಮ್ಮ ಮನಿಗೆ ಬರ್ರಿ. ಅಲ್ಲಿ ಕರೆಂಟ್ ಇಷ್ಟು ಹೋಗಂಗಿಲ್ಲ. ದವಾಖಾನಿ ಹತ್ರ ಅದ."

"ಇಲ್ಲಿ ಅಕಿಗಿ ಮಂದಿ ಅದಾರ, ಮಾತದ. ಅಲ್ಲಿ ನಾಕು ಗ್ವಾಡಿ ನೋಡ್ಕೊಂತ ಕುಂಡ್ರಬೇಕೇನು?" ಎಂದರು ಮಾಮಾ. "ಜರಾ ತಡಿ ಯವ್ವಾ. ನಾ ಒಂದು ವ್ಯವಸ್ಥಾ ಮಾಡಾಕತ್ತೀನಿ."

ವ್ಯವಸ್ಥೆ ಏನೆಂದು ಮುಂದಿನ ವಾರ ಕಂಡಿತು. ಯಾರೋ ಫೋನಿನಲ್ಲಿ ವಿಡಿಯೋ ತೋರಿಸಿದ್ದರು. ಮೋಟಾರು ಒಂದು ದೊಡ್ಡ ಚಕ್ರ ತಿರುಗಿಸುತ್ತದೆ, ಚಕ್ರ ಡೈನಮೋ ತಿರುಗಿಸುತ್ತದೆ, ಡೈನಮೋದ ಕರೆಂಟಿನಲ್ಲಿ ಅರ್ಧ ಮತ್ತೆ ಮೋಟಾರಿಗೆ, ಅರ್ಧ ಮನೆಗೆ. ಒಮ್ಮೆ ಚಾಲೂ ಮಾಡಿದರೆ ಆಯಿತು, ಜನ್ಮಪೂರ್ತಿ ಓಡುತ್ತದೆ. ಮಾಮಾ ಗಿರಣಿಯ ಬೀಸುಕಲ್ಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಅದರ ಜಾಗದಲ್ಲಿ ಹಳೆಯ ಡೀಸೆಲ್ ಎಂಜಿನ್ನಿನ ಎರಕದ ಚಕ್ರ, ಆಚೆ ಒಂದು ಡೈನಮೋ, ನಡುವೆ ಬೆಲ್ಟುಗಳು. ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮಾಲೆಯನ್ನೂ ಹಾಕಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ.

ನನಗೆ ಮೈ ಉರಿದುಹೋಯಿತು. ಅಲ್ಲಿಯೇ ನಿಂತು ಪಾಠ ಶುರುಮಾಡಿದೆ. ಚಕ್ರ ಶಕ್ತಿ ಕೂಡಿಡುತ್ತದೆ, ಹುಟ್ಟಿಸುವುದಿಲ್ಲ. ಬೆಲ್ಟು ಕಿರುಗುಟ್ಟುವ ಒಂದೊಂದು ಸದ್ದೂ ಸೋರಿಕೆ, ಬೇರಿಂಗಿನ ಬಿಸಿ ಸೋರಿಕೆ, ಮೋಟಾರಿನ ಬಿಸಿ ಸೋರಿಕೆ. ಹಾಕಿದ್ದಕ್ಕಿಂತ ಕಡಿಮೆ ಬರುತ್ತದೆಯೇ ಹೊರತು ಹೆಚ್ಚು ಬರುವುದಿಲ್ಲ, ಸಮವೂ ಬರುವುದಿಲ್ಲ. ಅಕ್ಕ ಒಳಗಿನ ಮಂಚದಿಂದ ತೆರೆದ ಬಾಗಿಲ ಮೂಲಕ ಕೇಳಿಸಿಕೊಳ್ಳುತ್ತಿದ್ದಳು. ಮಾಮಾ ಗ್ರೀಸ್ ಹತ್ತಿದ ಕೈ ಒರೆಸಿಕೊಂಡು ಸಾವಧಾನವಾಗಿ ಕೇಳಿದರು.

"ಆಯ್ತಾ? ಈಗ ನಾ ಕೇಳ್ಲಿ? ಎರಡು ಫೇಸ್ ಇದ್ದಾಗ ಮೂರನೇದು ನಾ ಹುಟ್ಟಸ್ತಿದ್ನೋ ಇಲ್ಲೋ?"

"ಅದು ಹುಟ್ಟಿದ್ದಲ್ರೀ. ಎರಡರದು ಕಸಗೊಂಡು—"

"ಕಂಬದಾಗ ಇರಲಿಲ್ಲ, ನನ್ನ ಪೆಟ್ಟಿಗ್ಯಾಗ ಬಂತು. ಊರೆಲ್ಲ ನೋಡ್ಯಾರ. ನಿನ್ನ ಓದಿಸಿದ್ದೂ ಅದೇ ಮೂರನೇ ಫೇಸು."

ಇದಕ್ಕೆ ವೆಕ್ಟರ್ ಚಿತ್ರ ಬರೆದು ತೋರಿಸಲೇ? ದೇಶದ ಯಾವ ದಡ್ಡನೂ ಮಾಡದ ವಾದವನ್ನು ನಮ್ಮ ಕಡೆಯ ಗಿರಣಿಯವನೇ ಮಾಡಬೇಕು. ದಿನಾ ಕೈಯಾರೆ ಹಿಡಿಕೆ ಎಳೆದು ಇಲ್ಲದ್ದನ್ನು ಬರಿಸಿದವನಿಗೆ ಇಲ್ಲದ್ದು ಬರುವುದಿಲ್ಲ ಎಂದು ಹೇಳುವುದು ಗೋಡೆಗೆ ಹೇಳಿದ ಹಾಗೆ.

ನಾನೂ ಅವರ ದಾರಿಗೇ ಇಳಿದೆ. "ಹತ್ತು ಕಿಲೋ ಜೋಳ ಹಾಕಿ ಎಂದಾರ ಹನ್ನೊಂದು ಕಿಲೋ ಹಿಟ್ಟು ತಗದೀರೇನು?"

ಇದು ತಾಕಿತು. ಹಾಕಿದಷ್ಟು ತೂಕ ತಿರುಗಿ ಬರುವುದಿಲ್ಲ ಎಂಬುದು ಯಾವ ಗಿರಣಿಯಲ್ಲೂ ಮುಗಿಯದ ಜಗಳ. ಮುಂಜಾನೆ ಮೊದಲು ಬಂದವರ ಹಿಟ್ಟನ್ನು ಕಲ್ಲೇ ಒಂದಿಷ್ಟು ತಿನ್ನುತ್ತದೆಂದು ಯಾರೂ ಮೊದಲಿಗರಾಗಲು ಒಪ್ಪುತ್ತಿರಲಿಲ್ಲ. ಅದಕ್ಕೇ ಅಕ್ಕ ದಿನಾ ಮನೆಯ ಜೋಳ ಒಂದು ಬೊಗಸೆ ಸುರಿದು ಕಲ್ಲಿನ ಹಸಿವು ತೀರಿಸಿ ಆಮೇಲೆ ಗಿರಾಕಿಗಳನ್ನು ಕರೆಯುತ್ತಿದ್ದಳು. ಉಳಿದದ್ದು ಗಾಳಿಗೆ ಹಾರಿಹೋಗುತ್ತಿತ್ತು. ಕಡಿಮೆ ಬಂತೆಂದು ತಕರಾರು ಮಾಡಿದವರಿಗೆ ಮಾಮಾ, "ಗಾಳಿಗಿ ಹೋಯ್ತವ್ವಾ, ನಾ ಏನ್ ತಿಂದಿಲ್ಲ" ಎನ್ನುತ್ತಿದ್ದರು.

ಮಾಮಾ ಬಾಗಿಲ ಕಡೆ, ಅಕ್ಕ ಮಲಗಿದ್ದ ಮಂಚದ ಕಡೆ ನೋಡಿ ದನಿ ತಗ್ಗಿಸಿದರು. "ಹಾರಿ ಹೋಗಿದ್ದು ಎಲ್ಲಿ ಹೋಯ್ತು ಅಂತ ನಂಗ ಗೊತ್ತದ ಯವ್ವಾ. ಡಾಕ್ಟರ್ ಆ ಫೋಟೋದಾಗ ತೋರಿಸ್ಯಾರ. ಅದಕ್ಕೇ ಮಾಡಾಕತ್ತೀನಿ."

ನಾನು ಬಸ್ ಹಿಡಿದೆ. ಅವರಿಗೆ ಬೇಕಾಗಿದ್ದು ಕರೆಂಟಲ್ಲ. ಹೆಂಡತಿಯ ಎದೆಯೊಳಗೆ ಹೋದ ಹಿಟ್ಟನ್ನು ಹೊರಗೆ ತೆಗೆಯುವ ಯಂತ್ರ ಯಾರೂ ಮಾಡಿಲ್ಲವಲ್ಲ, ಅದಕ್ಕೆ ಇದನ್ನು ಮಾಡುತ್ತಿದ್ದರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಹೈವೇ ಬದಿಯಲ್ಲಿ ಕೆಂಬಾಳೆ ಗೊನೆ ನೇತುಹಾಕಿದವರು ಬಸ್ಸಿಗೆ ಕೈ ಮಾಡುತ್ತಿದ್ದರು.

ಮೇ ತಿಂಗಳ ಕೊನೆಗೆ ಒಂದು ಮುಂಜಾನೆ ಮಾಮಾನ ಫೋನು. ದನಿ ನಡುಗುತ್ತಿತ್ತು. ಮೊದಲು ಅಕ್ಕನಿಗೇ ಏನೋ ಆಯಿತೆಂದುಕೊಂಡೆ.

"ಓಡಾಕತ್ತದ ಯವ್ವಾ. ನಿನ್ನಿ ಸಂಜೀಕ ಗಾಳಿ ಬಿಟ್ಟು ಕರೆಂಟ್ ಹೋಗ್ಯದ, ಇನ್ನಾ ಬಂದಿಲ್ಲ. ಚಕ್ರ ನಿಂತಿಲ್ಲ. ನಿಮ್ಮಕ್ಕ ಅದರ ಮ್ಯಾಲೇ ಅದಾಳ. ಬಂದು ನೋಡು."

ಕಾಲೇಜಿಗೆ ರಜೆ ಇತ್ತು, ಹೋದೆ. ಓಣಿಯಲ್ಲಿ ಬೇವಿನ ಟೊಂಗೆಗಳು ಮುರಿದು ಬಿದ್ದಿದ್ದವು. ಮನೆಯೊಳಗೆ ಫ್ಯಾನು ನಿಂತಿತ್ತು, ಬಲ್ಬಿನ ಸ್ವಿಚ್ ಒತ್ತಿದೆ, ಹತ್ತಲಿಲ್ಲ. ಗಿರಣಿ ಖೋಲಿಯಲ್ಲಿ ಚಕ್ರ ಗರಗರ ತಿರುಗುತ್ತಿತ್ತು. ಅದರ ಡೈನಮೋದಿಂದ ಬಂದ ವಾಯರು ಆಕ್ಸಿಜನ್ ಮಷೀನಿಗೆ ಹೋಗಿತ್ತು, ಮಷೀನಿನ ಹಸಿರು ದೀಪ ಹತ್ತಿತ್ತು. ಅಕ್ಕ ನಳಿಗೆ ಹಚ್ಚಿಕೊಂಡು ಒಳಗಿನ ಮಂಚದ ಮೇಲೆ ಗೋಡೆಗೆ ಆತು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು.

ಸುಳ್ಳು ಯಾಕೆ ಹೇಳಲಿ? ನಾನು ಓದಿದ್ದೆಲ್ಲ ಸುಳ್ಳಾಗಲಿ, ಪುಸ್ತಕಗಳಿಗೆ ಬೆಂಕಿ ಬೀಳಲಿ, ಇದೊಂದು ನಿಜವಾಗಲಿ ಎಂದು ಅಲ್ಲೇ ನಿಂತು ಬೇಡಿಕೊಂಡೆ. ದೇವರನ್ನು ಬೇಡಿದೆನೋ ಚಕ್ರವನ್ನು ಬೇಡಿದೆನೋ ಗೊತ್ತಿಲ್ಲ. ಮಾಮಾ ನಿದ್ದೆಗೆಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು, ಮಾರ್ಕ್ಸ್ ಕೇಳಲು ಬಂದ ಹುಡುಗನ ಹಾಗೆ.

ಆಮೇಲೆ ಕಿವಿಗೆ ಆ ಸದ್ದು ಬಿತ್ತು. ಗುಂಯ್ ಎನ್ನುವ ನರಳಿಕೆ. ಆ ಸದ್ದು ಕೇಳುತ್ತಲೇ ನಾನು ಬೆಳೆದವಳು. ಗೋಡೆಯ ಪೆಟ್ಟಿಗೆ ನೋಡಿದೆ, ಹಿಡಿಕೆ ಕಂಡೆನ್ಸರಿನ ಕಡೆಗೇ ಇತ್ತು.

"ಮಾಮಾ, ಮೇನ್ ಫ್ಯೂಜ್ ತಗದೀರೇನು?"

"ಕರೆಂಟೇ ಇಲ್ಲ, ಫ್ಯೂಜ್ ತಗದು ಏನ್ ಮಾಡೂದು?"

ಕಪಾಟಿನಿಂದ ಟೆಸ್ಟರ್ ತೆಗೆದುಕೊಂಡು ಮೂರೂ ಫ್ಯೂಜಿಗೆ ಹಚ್ಚಿದೆ. ಒಂದರಲ್ಲಿ ಅದು ಹತ್ತಲಿಲ್ಲ. ಉಳಿದೆರಡರಲ್ಲಿ ಟೆಸ್ಟರಿನ ದೀಪ ಕೆಂಪಗೆ ಹತ್ತಿತು. ಗಾಳಿಗೆ ಸತ್ತದ್ದು ಒಂದೇ ತಂತಿ, ಮನೆಯ ಬಲ್ಬು ಫ್ಯಾನು ಇದ್ದ ತಂತಿ. ಮನೆ ಕತ್ತಲಾದ್ದರಿಂದ ಮಾಮಾ ಕರೆಂಟು ಪೂರ್ತಿ ಹೋಯಿತೆಂದು ತಿಳಿದಿದ್ದರು. ಚಕ್ರ ರಾತ್ರಿಯಿಡೀ ಓಡಿದ್ದು ಕಂಬದಿಂದ ಬರುತ್ತಿದ್ದ ಉಳಿದೆರಡು ತಂತಿಯ ಮೇಲೆ. ಅದೇ ಹಳೆಯ ಮೂರನೇ ಫೇಸು.

ಹೇಳಿದೆ. ಮಾಮಾ ಒಪ್ಪಲಿಲ್ಲ. ಚಕ್ರದಿಂದ ತಿರುಗಿ ಬಂದ ಕರೆಂಟಿಗೇ ಟೆಸ್ಟರ್ ಹತ್ತುತ್ತಿದೆ ಎಂದರು. ನಾನು ದನಿ ಏರಿಸಿದೆ, ಅವರೂ ಏರಿಸಿದರು. ಅಕ್ಕ ಮಂಚದಿಂದ ಕೈ ಎತ್ತಿದಳು.

"ಜಗಳ ಯಾಕ? ಫ್ಯೂಜ್ ತಗದು ನೋಡ್ರಿ," ಎಂದಳು, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು. "ನನ್ನ ಮಷೀನ್ ಹಚ್ಚೇ ಇರಲಿ. ಓಡಿದ್ರ ಇಲ್ಲೇ ಇರ್ತೀನಿ. ಇಲ್ಲಾಂದ್ರ ತಂಗಿ ಮನಿಗಿ ಹೋಗೋಣು."

ನಾನು ಸಿಲಿಂಡರನ್ನು ಮಂಚದ ಪಕ್ಕಕ್ಕೆ ಎಳೆದು ಅದನ್ನು ತೆರೆಯುವ ಕೀಲಿ ಹಿಡಿದು ನಿಂತೆ. ಮಾಮಾ ಚಕ್ರಕ್ಕೆ ಒಮ್ಮೆ ಕೈ ಮುಗಿದರು, ಒಂದೊಂದಾಗಿ ಮೂರೂ ಫ್ಯೂಜ್ ಕಿತ್ತರು.

ನರಳಿಕೆ ನಿಂತಿತು. ಚಕ್ರ ಮಾತ್ರ ತಿರುಗುತ್ತಲೇ ಇತ್ತು, ಹಸಿರು ದೀಪವೂ ಹತ್ತಿಯೇ ಇತ್ತು. ಮಾಮಾ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಬಂದ ಆ ನಗೆಯನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಬೆಲ್ಟಿನ ಸದ್ದು ಇಳಿಯತೊಡಗಿತು. ಚಕ್ರದ ಮೇಲಿನ ಕುಂಕುಮದ ಬೊಟ್ಟುಗಳು ಮೊದಲು ಒಂದು ಕೆಂಪು ಗೆರೆಯಾಗಿದ್ದವು, ಈಗ ಬೇರೆಬೇರೆಯಾಗಿ ಕಾಣತೊಡಗಿದವು. ಮಷೀನು ಕೀಂವ್ ಎಂದಿತು, ಕೆಂಪು ದೀಪ ಹತ್ತಿತು.

ಮಾಮಾ ಓಡಿಹೋಗಿ ಮೂಲೆಯಲ್ಲಿದ್ದ ಎಂಜಿನ್ನಿನ ಹ್ಯಾಂಡಲ್ ತಂದು ಚಕ್ರದ ನಡುವಿಗೆ ತುರುಕಿ ಕೈಯಿಂದಲೇ ತಿರುಗಿಸತೊಡಗಿದರು. ಅರವತ್ತು ದಾಟಿದ ದೇಹ, ಎರಕದ ಚಕ್ರ. ಡೈನಮೋಗೆ ಮಷೀನಿನ ಭಾರ ಬಿದ್ದಾಗ ಚಕ್ರ ಕೆಸರಿನಲ್ಲಿ ಹೂತ ಗಾಡಿಯಂತೆ ಹಿಡಿಯುತ್ತದೆ. ಒಬ್ಬ ಗಂಡಸಿನ ರಟ್ಟೆಯಿಂದ ಆ ಮಷೀನು ನಡೆಯುವುದಿಲ್ಲ, ಇಬ್ಬರಿಂದಲೂ ಇಲ್ಲ. ಲೆಕ್ಕ ನನಗೆ ಗೊತ್ತಿತ್ತು. ಮಷೀನು ಒಮ್ಮೆ ಗುಡುಗಿ ಸತ್ತಿತು, ಮತ್ತೆ ಗುಡುಗಿ ಸತ್ತಿತು. ನಾನು ಸಿಲಿಂಡರ್ ತೆರೆಯಲು ಕೀಲಿ ಹಚ್ಚಿದೆ. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಅವಳ ಬೆರಳಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವಳ ತುಟಿ ನೀಲಿಗಟ್ಟುತ್ತಿತ್ತು.

ಮಾಮಾ ಅಂಗಿ ತೊಯ್ಸಿಕೊಂಡು ತಿರುಗಿಸುತ್ತಲೇ ಇದ್ದರು. ನಡುವೆ ತೇಕುತ್ತ, "ಬಂತೇನು?" ಎಂದರು.

"ಬರಾಕತ್ತದ್ರೀ," ಎಂದಳು ಅಕ್ಕ. "ಚೊಲೋ ಬರಾಕತ್ತದ. ಸಾಕಿನ್ನ. ಕುಂದರ್ರಿ."

ಅವರು ಹ್ಯಾಂಡಲ್ ಬಿಟ್ಟು ನೆಲದ ಮೇಲೆ ಕುಸಿದು ಕೂತರು. ನಾನು ಸಿಲಿಂಡರ್ ತಿರುವಿ ನಳಿಗೆ ಬದಲಿಸಿದೆ. ಮಧ್ಯಾಹ್ನ ಗಾಡಿ ಮಾಡಿಕೊಂಡು ಇಬ್ಬರನ್ನೂ ಕೋಟನೂರಿಗೆ ಕರೆತಂದೆ. ಗಾಡಿ ಹೊರಡುವಾಗ ಓಣಿಯ ಹೆಂಗಸರೆಲ್ಲ ಬಂದು ಅಕ್ಕನ ಕೈ ಮುಟ್ಟಿದರು.

ನಮ್ಮ ಮನೆಯಲ್ಲಿ ಅವಳು ಮಳೆಗಾಲ ಕಳೆದಳು. ಮಾಮಾ ಹಗಲೆಲ್ಲ ಮಂಚದ ಬುಡದಲ್ಲಿ ಕೂತು ಬಲ್ಬು ನೋಡುತ್ತಿದ್ದರು, ಎಲ್ಲಿ ಆರುತ್ತದೋ ಎಂದು. ಅದು ಬಹುತೇಕ ಆರಲಿಲ್ಲ. ದಸರೆಗೆ ಮೊದಲು ಒಂದು ಬೆಳಿಗ್ಗೆ, ಕರೆಂಟು ಇದ್ದಾಗಲೇ, ಹಸಿರು ದೀಪ ಹತ್ತಿದ್ದಾಗಲೇ ಅಕ್ಕ ಹೋದಳು. ಮಷೀನು ಪಾಪ, ಅವಳ ಮೂಗಿನ ಮುಂದೆ ಆಕ್ಸಿಜನ್ ಬಿಡುತ್ತಲೇ ಇತ್ತು.

ಅಕ್ಕನ ದಿನಕಾರ್ಯ ಮುಗಿದ ಮೇಲೆ ಬಾಡಿಗೆಯ ಮಷೀನನ್ನು ಹಿಂದಿರುಗಿಸಬೇಕಾಗಿತ್ತು. ಮಾಮಾ ಒದ್ದೆ ಬಟ್ಟೆ ತೆಗೆದುಕೊಂಡು ಅದರ ಗಾಲಿ, ಜಾಲರಿ, ವಾಯರು ಎಲ್ಲ ಒರೆಸುತ್ತ ಕೂತಿದ್ದರು. ನಾನು ನಳಿಗೆ ಸುತ್ತುತ್ತಿದ್ದೆ.

"ಯವ್ವಾ, ಒಂದು ಮಾತು ಕೇಳ್ತೇನಿ. ನೀ ಒಬ್ಬಾಕಿನೇ ನಂಗ ಸುಳ್ಳು ಹೇಳಲಾರದಾಕಿ."

"ಕೇಳ್ರಿ ಮಾಮಾ."

"ಅವತ್ತ ನಾ ಕೈಲೆ ತಿರುಗಿಸಿದಾಗ ಅಕಿ ಬರಾಕತ್ತದ ಅಂದ್ಲಲ್ಲ. ಖರೇ ಬಂದಿತ್ತೇನು?"

ಒಂದು ಸುಳ್ಳಿಗೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಅವರು ಅಷ್ಟು ನಂಬಿ ಕೇಳಿದ್ದರು, ನನ್ನ ಬಾಯಿಂದ ಅದು ಹೊರಡಲಿಲ್ಲ.

"ಇಲ್ಲ ಮಾಮಾ."

"ಜರಾನೂ?"

"ಜರಾನೂ ಇಲ್ಲ."

ಅವರು ಮಷೀನಿನ ಜಾಲರಿಯನ್ನು ಮತ್ತೊಮ್ಮೆ ಒರೆಸಿದರು. ಅದು ಆಗಲೇ ಸ್ವಚ್ಛವಾಗಿತ್ತು.

"ಹಂಗಾದ್ರ ನಾ ತಿರುಗಿಸೋ ಅಷ್ಟು ಹೊತ್ತೂ ಅಕಿ ಖಾಲಿ ನಳಿಗಿ ಹಚ್ಕೊಂಡು ಕುಂತಿದ್ಲು."

"ಹೌದ್ರೀ."

"ನಾ ಜಲ್ದಿ ಬಿಟ್ಟಿದ್ರ ಅಕಿಗಿ ಜಲ್ದಿ ಗಾಳಿ ಸಿಗ್ತಿತ್ತು."

ಹೌದು ಎಂದೆ. ಮಾಮಾ ಬಟ್ಟೆಯನ್ನು ಮಡಚಿ ಕೆಳಗಿಟ್ಟರು, ಮಷೀನಿನ ಮೇಲೆ ತಲೆ ಇಟ್ಟು ಅಳತೊಡಗಿದರು.